ಲಾಡಿಹುಳು ಮತ್ತು ಆಪರೇಷನ್



“ಹೊಟ್ಟೇಲಿ ಹುಳ ಇದ್ರೆ ಏನಂತೆ, ಒಂದು ಮಾತ್ರೆ ನುಂಗಿದ್ರೆ ಆಯ್ತು” ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹೋದ ಬೇಸಿಗೆ ರಜೆಯಲ್ಲಿ ನಮ್ಮ ದೊಡ್ಡಪ್ಪನ ಮಗನಿಗೆ ಆಪರೇಷನ್ ಆಯಿತು. ಅವನ ಹೊಟ್ಟೆಯಿಂದ ತೆಗೆದ ಅಪೆಂಡಿಕ್ಸಿನ ಒಳಗೆ ಲಾಡಿಹುಳುವಿನ ತುಂಡು ಸಿಕ್ಕಿತು! ಡಾಕ್ಟರು ಹೇಳಿದ್ದನ್ನೂ ನಮ್ಮ ವಿಜ್ಞಾನದ ಮೇಷ್ಟ್ರು ವಿವರಿಸಿದ್ದನ್ನೂ ಸೇರಿಸಿ ಈ ಲೇಖನ ಬರೆದಿದ್ದೇನೆ.

ಲಾಡಿಹುಳು ಎಂದರೇನು?

ಪೈಜಾಮದ ಲಾಡಿಯ ಹಾಗೆ ಚಪ್ಪಟೆಯಾಗಿ, ಉದ್ದವಾಗಿ ಇರುವುದರಿಂದ ಇದಕ್ಕೆ ಈ ಹೆಸರು. ಇದೊಂದು ಪರಾವಲಂಬಿ ಜೀವಿ. ಇದಕ್ಕೆ ಬಾಯಿ ಇಲ್ಲ, ಕರುಳೂ ಇಲ್ಲ. ತಲೆಯಲ್ಲಿರುವ 4 ಹೀರುಬಟ್ಟಲುಗಳಿಂದ ನಮ್ಮ ಸಣ್ಣಕರುಳಿನ ಗೋಡೆಗೆ ಕಚ್ಚಿಕೊಂಡು, ನಾವು ಅರಗಿಸಿದ ಆಹಾರವನ್ನು ಮೈಯಿಂದಲೇ ಹೀರುತ್ತದೆ. ದನದ ಮಾಂಸದಿಂದ ಬರುವ ಹುಳು (ಟೀನಿಯಾ ಸ್ಯಾಜಿನೇಟಾ) ಸಾಮಾನ್ಯವಾಗಿ 4ರಿಂದ 12 ಮೀಟರ್ ಉದ್ದ ಇರುತ್ತದೆ. ಹಂದಿ ಮಾಂಸದಿಂದ ಬರುವುದು (ಟೀನಿಯಾ ಸೋಲಿಯಂ) 2ರಿಂದ 7 ಮೀಟರ್. ನಮ್ಮ ಸಣ್ಣಕರುಳು ಸುಮಾರು 6 ಮೀಟರ್. ಮೇಷ್ಟ್ರು ನಮ್ಮ ಕೈಯಲ್ಲಿ 6 ಮೀಟರ್ ಹಗ್ಗ ಹಿಡಿಸಿದಾಗ ಅದು ಶಾಲೆಯ ಜಗಲಿಯ ಅರ್ಧಕ್ಕೆ ಬಂತು. ಇಷ್ಟುದ್ದದ ಹುಳು ಮಡಿಕೆ ಮಡಿಕೆಯಾಗಿ ಹೊಟ್ಟೆಯಲ್ಲಿ ಇರುತ್ತದೆ.

ಹೇಗೆ ಬರುತ್ತದೆ?

ಹುಳು ಇರುವವರು ಬಯಲಿಗೆ ಹೋದರೆ ಮಲದ ಜೊತೆ ಮೊಟ್ಟೆಗಳು ಹುಲ್ಲು, ಮಣ್ಣು ಸೇರುತ್ತವೆ. ಅದನ್ನು ತಿಂದ ದನ ಅಥವಾ ಹಂದಿಯ ಮಾಂಸಖಂಡದಲ್ಲಿ ಮರಿಹುಳು ಸಣ್ಣ ಗುಳ್ಳೆಯಾಗಿ ಕೂರುತ್ತದೆ. ಆ ಮಾಂಸವನ್ನು ಅರೆಬರೆ ಬೇಯಿಸಿ ತಿಂದವರ ಕರುಳಿನಲ್ಲಿ 2–3 ತಿಂಗಳಲ್ಲಿ ಹುಳು ಬೆಳೆದು ದೊಡ್ಡದಾಗುತ್ತದೆ.

ಅಣ್ಣನಿಗೆ ಆಗಿದ್ದೇನು?

ಅಣ್ಣ ಪೇಟೆಯಲ್ಲಿ ಕೆಲಸಕ್ಕಿದ್ದಾಗ ಕೆಂಡದ ಮೇಲೆ ಅರ್ಧ ಸುಟ್ಟ ಮಾಂಸ ತಿನ್ನುತ್ತಿದ್ದನಂತೆ. ಆಮೇಲೆ ಸುಮಾರು ಒಂದು ವರ್ಷ ಮಲದಲ್ಲಿ ಬಿಳಿ ಲಾಡಿ ತುಂಡುಗಳು ಕಾಣುತ್ತಿದ್ದವು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಒಂದು ದಿನ ಹೊಕ್ಕಳ ಸುತ್ತ ನೋವು ಶುರುವಾಯ್ತು. ಅಜ್ಜಿ “ಹೊಟ್ಟೆ ಕಟ್ಟಿರ್ಬೇಕು ಮಗಾ” ಅಂತ ಹರಳೆಣ್ಣೆ ಕುಡಿಸಿದರು. ಮಾರನೇ ದಿನ ನೋವು ಹೊಟ್ಟೆಯ ಬಲಗಡೆ ಕೆಳಕ್ಕೆ ಇಳಿಯಿತು. ಜ್ವರ, ವಾಂತಿ ಬಂತು. ಆಸ್ಪತ್ರೆಗೆ ಹೋದ ರಾತ್ರಿಯೇ ಆಪರೇಷನ್.

“ಇನ್ನೊಂದು ದಿನ ತಡ ಮಾಡಿದ್ದರೆ ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಕೀವು ಹರಡುತ್ತಿತ್ತು. ಇಂಥ ನೋವಿಗೆ ಭೇದಿ ಔಷಧಿ ಕೊಡಲೇಬಾರದು” ಎಂದರು ಡಾಕ್ಟರು. ಅಜ್ಜಿ ಆಸ್ಪತ್ರೆ ಬಾಗಿಲಲ್ಲೇ ಕೂತು ಅತ್ತುಬಿಟ್ಟರು.

ಇನ್ನೊಂದು ವಿಷಯ ಕೇಳಿ. ಅಪೆಂಡಿಕ್ಸ್ ತೆಗೆದರೂ ಹುಳು ಹೋಗಿರಲಿಲ್ಲ! ಅದರ ತಲೆ ಸಣ್ಣಕರುಳಿನಲ್ಲೇ ಇತ್ತು. ಅದಕ್ಕೆ ಬೇರೆ ಮಾತ್ರೆ ಕೊಟ್ಟರು. ಆ ಮಾತ್ರೆಯನ್ನು ಒಂದು ವರ್ಷ ಮೊದಲೇ ತಗೊಂಡಿದ್ದರೆ?

ಆಪರೇಷನ್ ಯಾವಾಗ ಬೇಕಾಗುತ್ತದೆ?

ಲಾಡಿಹುಳು ಇರುವ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಅಪೆಂಡಿಕ್ಸ್ ನೋವಿಗೂ ಹೆಚ್ಚಾಗಿ ಬೇರೆ ಕಾರಣಗಳೇ ಇರುತ್ತವೆ. ಆದರೆ ಅಪರೂಪಕ್ಕೆ ಹೀಗಾಗಬಹುದು:

1. ಅಪೆಂಡಿಕ್ಸ್: ಇದು ದೊಡ್ಡಕರುಳಿನ ಆರಂಭದಲ್ಲಿರುವ ಬೆರಳಿನಂಥ ಕುರುಡು ನಾಳ. ಹುಳುವಿನ ತುಂಡು ಒಳಗೆ ಹೋಗಿ ದಾರಿ ಮುಚ್ಚಿದರೆ ಊದಿಕೊಳ್ಳುತ್ತದೆ.

2. ಕರುಳು ಕಟ್ಟುವುದು: ಹುಳು ಉಂಡೆಯಾಗಿ ಕರುಳಿಗೆ ಅಡ್ಡವಾದರೆ ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ಮಲವೂ ಗಾಳಿಯೂ ನಿಂತುಹೋಗುತ್ತದೆ. (ಮಕ್ಕಳಲ್ಲಿ ಹೀಗೆ ಮಾಡುವುದು ಹೆಚ್ಚಾಗಿ ದುಂಡುಹುಳು.)

3. ಪಿತ್ತನಾಳ, ಮೇದೋಜೀರಕ ಗ್ರಂಥಿಯ ನಾಳ: ಇವುಗಳೊಳಗೆ ನುಗ್ಗಿದರೆ ಮೇಲುಹೊಟ್ಟೆ ನೋವು, ಜ್ವರ, ಕಾಮಾಲೆ ಬರಬಹುದು.

4. ಕರುಳು ತೂತಾಗುವುದು: ಇದು ಬಹಳ ಬಹಳ ಅಪರೂಪ. ಆದರೆ ಪ್ರಾಣಕ್ಕೇ ಅಪಾಯ.

ಮಾಂಸ ತಿನ್ನದವರಿಗೂ ಎಚ್ಚರಿಕೆ!

“ನಾವು ಮಾಂಸ ತಿನ್ನಲ್ಲ, ನಮಗೇನು?” ಅನ್ನಬೇಡಿ. ಹಂದಿಯ ಲಾಡಿಹುಳುವಿನ ಮೊಟ್ಟೆ ಕೊಳಕು ಕೈ, ನೀರು, ತೊಳೆಯದ ಸೊಪ್ಪು ತರಕಾರಿಯಿಂದ ಯಾರ ಬಾಯಿಗಾದರೂ ಸೇರಬಹುದು. ಆಗ ಮರಿಹುಳು ರಕ್ತದಲ್ಲಿ ಸಾಗಿ ಮೆದುಳಿನಲ್ಲಿ ಗುಳ್ಳೆಯಾಗಿ ಕೂತರೆ ಫಿಟ್ಸ್ ಬರಬಹುದು. ಹಾಗಾಗಿ ಫಿಟ್ಸ್ ಬಂದವರನ್ನು ಕಂಡರೆ ದೆವ್ವ, ಗಾಳಿ ಅನ್ನದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನೆನಪಿಡಿ:

* ಮಾಂಸವನ್ನು ಒಳಗೆ ಕೆಂಪು ಉಳಿಯದ ಹಾಗೆ ಚೆನ್ನಾಗಿ ಬೇಯಿಸಿ ತಿನ್ನಿ.

* ಶೌಚಾಲಯವನ್ನೇ ಬಳಸಿ. ಶೌಚದ ನಂತರ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ.

* ಶಾಲೆಯಲ್ಲಿ ಜಂತುಹುಳು ದಿನ ಕೊಡುವ ಆಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡಿ. ಆದರೆ ಅದು ಮುಖ್ಯವಾಗಿ ದುಂಡುಹುಳು, ಕೊಕ್ಕೆಹುಳು ಮುಂತಾದವುಗಳಿಗೆ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಅಥವಾ ನಿಕ್ಲೋಸಮೈಡ್ ಬೇಕು. ಇವನ್ನು ಡಾಕ್ಟರು ಹೇಳಿದಂತೆಯೇ ತೆಗೆದುಕೊಳ್ಳಬೇಕು, ಅಂಗಡಿಯಿಂದ ತಂದು ನುಂಗಬಾರದು.

* ಮಲದಲ್ಲಿ ಲಾಡಿ ತುಂಡು ಕಂಡರೆ ಅಂದೇ ಅಮ್ಮನಿಗೋ ಮೇಷ್ಟ್ರಿಗೋ ಹೇಳಿ.

* ಹೊಟ್ಟೆನೋವು ಬಿಡದೆ ಹೆಚ್ಚುತ್ತಿದ್ದರೆ ಹರಳೆಣ್ಣೆ ಬೇಡ, ಆಸ್ಪತ್ರೆಗೆ ನಡೆಯಿರಿ.

ಇದನ್ನು ಬರೆಯಲೋ ಬೇಡವೋ ಅಂತ ಅಣ್ಣನನ್ನೇ ಕೇಳಿದೆ. ಅವನು ಅಂಗಿ ಎತ್ತಿ ಹೊಲಿಗೆಯ ಗುರುತು ತೋರಿಸಿ, “ಬರಿ. ನನ್ನ ಹಾಗೆ ಇನ್ಯಾರೂ ಮುಚ್ಚಿಟ್ಕೊಳ್ಳೋದು ಬೇಡ” ಅಂದ. ಅದಕ್ಕೇ ಬರೆದೆ. ನಿಮ್ಮಲ್ಲಿ ಯಾರಾದರೂ ಹೀಗೆ ಮುಚ್ಚಿಟ್ಟುಕೊಂಡಿದ್ದರೆ ಇವತ್ತೇ ಮನೆಯಲ್ಲಿ ಹೇಳಿ.