ನಾಟಿಗೆ ಮರಳುವ ತಾಯಿ, ಶಿಶುಪಾಲನಾ ಕೇಂದ್ರ ಸೇರುವ ಕೂಸು

ಕಾವೇರಿ ನಾಲೆಗಳ ಬಯಲಿನಲ್ಲಿ ಮುಂಗಾರು ಭತ್ತದ ನಾಟಿ ಸಾಮಾನ್ಯವಾಗಿ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ನಡೆಯುತ್ತದೆ. ಸಸಿ ಕೀಳುವ, ನಾಟಿ ಮಾಡುವ, ಕಳೆ ತೆಗೆಯುವ ಕೆಲಸ ಬಹುಪಾಲು ಹೆಂಗಸರದು. ಕೂಲಿ ಚೆನ್ನಾಗಿ ದೊರೆಯುವುದು ಈ ಕೆಲವೇ ವಾರಗಳಲ್ಲಾದ್ದರಿಂದ ಎಳೆಗೂಸಿನ ತಾಯಿಯೂ ಗದ್ದೆಗೆ ಇಳಿಯಬೇಕಾಗುತ್ತದೆ. ಆಗ ಕೂಸನ್ನು ಬದುವಿನ ಮೇಲೆ ಮಲಗಿಸುವುದು, ಇಲ್ಲವೆ ದೊಡ್ಡ ಮಗಳನ್ನು ಶಾಲೆ ಬಿಡಿಸಿ ಕಾವಲಿಗೆ ಕೂರಿಸುವುದು ಹಲವೆಡೆ ರೂಢಿ. ಬದುವಿನಲ್ಲಿ ಹಾವು, ನಾಲೆಯ ನೀರು ಮತ್ತು ಔಷಧಿ ಡಬ್ಬಗಳ ಅಪಾಯವುಂಟು. ಮನೆಯಲ್ಲಿ ಉಳಿದ ಮಗಳಿಗೆ ಪಾಠ ತಪ್ಪುತ್ತದೆ.

1975ರಲ್ಲಿ ಆರಂಭವಾದ ಅಂಗನವಾಡಿಗಳಲ್ಲಿ ಶಾಲಾಪೂರ್ವ ಶಿಕ್ಷಣ ದೊರೆಯುವುದು 3ರಿಂದ 6 ವರ್ಷದ ಮಕ್ಕಳಿಗೆ. ಅದಕ್ಕಿಂತ ಎಳೆಯ ಮಕ್ಕಳನ್ನು ಹಗಲು ನೋಡಿಕೊಳ್ಳಲು ಶಿಶುಪಾಲನಾ ಕೇಂದ್ರ ಬೇಕು. ಕೂಲಿ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಕರ್ನಾಟಕ ಸರ್ಕಾರ 2023ರಲ್ಲಿ ಪ್ರಕಟಿಸಿತು. ತಮ್ಮ ಊರಿನಲ್ಲಿ ಇಂಥ ಕೇಂದ್ರವಿದೆಯೇ ಎಂದು ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಬೇಕು.

ನಾಟಿಯ ದಿನವೇ ಕೂಸನ್ನು ಹೊಸ ಕೈಗೆ ಒಪ್ಪಿಸುವುದು ಸರಿಯಲ್ಲ. ಸುಮಾರು 8 ತಿಂಗಳಿನಿಂದ ಮಕ್ಕಳು ಪರಿಚಯವಿಲ್ಲದವರಿಗೆ ಅಂಜುತ್ತಾರೆ. ಸಸಿಮಡಿಗೆ ಬೀಜ ಚೆಲ್ಲಿದ ಮೇಲೆ ನಾಟಿಗೆ ಸುಮಾರು ಮೂರು ವಾರಗಳ ಬಿಡುವಿರುತ್ತದೆ. ಅದನ್ನು ಹೀಗೆ ಬಳಸಿಕೊಳ್ಳಬಹುದು:

1. ಮೊದಲ ವಾರ ತಾಯಿ ಕೂಸಿನೊಡನೆ ದಿನಕ್ಕೊಂದು ಗಂಟೆ ಕೇಂದ್ರದಲ್ಲಿ ಕುಳಿತು ಬರಬೇಕು.

2. ಎರಡನೆಯ ವಾರ ಮೊದಲು ಅರ್ಧ ಗಂಟೆ, ಅನಂತರ ಅರ್ಧ ದಿನ ಬಿಟ್ಟು ನೋಡಬೇಕು. ಕದ್ದು ಹೊರಡಬಾರದು, ಹೇಳಿ ಹೋಗಿ, ಹೇಳಿದ ಹೊತ್ತಿಗೆ ಮರಳಬೇಕು.

3. ಮೂರನೆಯ ವಾರ ಪೂರ್ಣ ದಿನ ಬಿಡಬಹುದು. ಕೂಸು ಹೊಂದಿಕೊಳ್ಳದಿದ್ದರೆ ಅವಸರ ಬೇಡ, ಅರ್ಧ ದಿನಕ್ಕೇ ನಿಲ್ಲಿಸಬೇಕು.

ಆಹಾರ: 6 ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು. ಆಮೇಲೆ ರಾಗಿ ಸರಿ, ಬೇಳೆ ಬೆರೆಸಿದ ಮೆದು ಅನ್ನ ಕೊಡುತ್ತ 2 ವರ್ಷದವರೆಗೂ ಎದೆಹಾಲು ಮುಂದುವರಿಸಬೇಕು. ಹೊಸ ತಿನಿಸನ್ನು ಮನೆಯಲ್ಲೇ ರೂಢಿಸಿ ಆಮೇಲೆ ಕಳಿಸುವುದು ಒಳ್ಳೆಯದು. ಹೊರಡುವ ಮುನ್ನ, ಮಧ್ಯಾಹ್ನ ಮತ್ತು ಮರಳಿದೊಡನೆ ಹಾಲೂಡಿಸಬೇಕು. ಮಧ್ಯಾಹ್ನದ ಬಿಡುವನ್ನು ಗದ್ದೆಯ ಯಜಮಾನರೊಡನೆ ಮೊದಲೇ ಮಾತಾಡಿಕೊಳ್ಳಬೇಕು. ಹಿಂಡಿಟ್ಟ ಹಾಲನ್ನು ಕುದಿಸಿ ತೊಳೆದ, ಮುಚ್ಚಳವಿರುವ ಪಾತ್ರೆಯಲ್ಲಿ ತಂಪಾದ ಕಡೆ ಇಟ್ಟು 4 ಗಂಟೆಯೊಳಗೆ ಬಳಸಬೇಕು. ಸೆಕೆ ಹೆಚ್ಚಿದ್ದರೆ ಇನ್ನೂ ಬೇಗ ಬಳಸಬೇಕು. ಬಾಟಲಿಗಿಂತ ಶುಚಿಯಾದ ಒಳಲೆ ಲೇಸು.

ಎಚ್ಚರಿಕೆ: ಹಾಲೂಡಿಸುವ ತಾಯಿ ಕೀಟನಾಶಕ, ಕಳೆನಾಶಕಗಳನ್ನು ಸಿಂಪಡಿಸಬಾರದು, ಸಿಂಪಡಿಸಿದವರ ಬಟ್ಟೆಯನ್ನೂ ಒಗೆಯಬಾರದು. ಔಷಧಿ ಹಾಕಿದ ಗದ್ದೆಯಿಂದ ಬಂದವಳು ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಕೂಸನ್ನೆತ್ತಿಕೊಳ್ಳಬೇಕು.

ಇದೆಲ್ಲ ತಾಯಿಯೊಬ್ಬಳ ಹೊಣೆಯಾದರೆ ಆಕೆ ಹಗಲು ಗದ್ದೆಯಲ್ಲಿ, ರಾತ್ರಿ ಮನೆಯಲ್ಲಿ ದಣಿಯುತ್ತಾಳೆ. ಕೂಸನ್ನು ಬಿಟ್ಟು ಬರುವುದು, ಕರೆತರುವುದು, ನೀರು ಸೌದೆ ಹೊಂದಿಸುವುದು ತಂದೆಯ ಪಾಲಿಗಿರಲಿ. ಬಿತ್ತನೆಗೆ ಮುನ್ನ ಬೀಜ, ಗೊಬ್ಬರಗಳ ಲೆಕ್ಕ ಹಾಕುವ ರೈತ ಕುಟುಂಬವು ಕೂಸಿನ ಈ ಮೂರು ವಾರಗಳನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಂಡರೆ ತಾಯಿಯ ಕೂಲಿಯೂ ಉಳಿಯುತ್ತದೆ, ಕೂಸೂ ಕ್ಷೇಮವಾಗಿರುತ್ತದೆ, ದೊಡ್ಡ ಮಗಳೂ ಶಾಲೆಗೆ ಹೋಗುತ್ತಾಳೆ.