ಚಪ್ಪಲಿಯೊಳಗಿನ ಕಲ್ಲು: ಗೀಳು, ಪಾಪಭಯ ಮತ್ತು ನಮ್ಮ ಮಕ್ಕಳು



ಈ ತಿಂಗಳ 31ರಂದು ಲೊಯೋಲಾದ ಸಂತ ಇಗ್ನೇಷಿಯಸರ ಹಬ್ಬ. ಯೇಸುಸಭೆಯನ್ನು ಕಟ್ಟಿದವರೆಂದು, ಸೈನಿಕರಾಗಿದ್ದವರೆಂದು ಅವರನ್ನು ನಾವೆಲ್ಲ ಬಲ್ಲೆವು. ಅವರ ಬದುಕಿನ ಇನ್ನೊಂದು ಭಾಗವನ್ನು ಧರ್ಮೋಪದೇಶ ತರಗತಿಯಲ್ಲಿ ಅಷ್ಟಾಗಿ ಹೇಳುವುದಿಲ್ಲ. ಯುವಕೂಟದ ಈ ತಿಂಗಳ ಪಾಠಕ್ಕೆ ನಾವು ಅದನ್ನೇ ಆರಿಸಿಕೊಂಡಿದ್ದೇವೆ.

ಸಂತರಿಗೂ ಇದ್ದ ಕಾಟ

1522ರಲ್ಲಿ ಇಗ್ನೇಷಿಯಸರು ಮೊನ್ಸೆರಾಟ್‌ನಲ್ಲಿ ತಮ್ಮ ಇಡೀ ಬದುಕಿನ ಪಾಪಗಳನ್ನು ಬರೆದುಕೊಂಡು, ಮೂರು ದಿನ ಪಾಪನಿವೇದನೆ ಮಾಡಿದರು. ಆದರೂ ಮನ್ರೆಸಾ ಊರಿಗೆ ಬಂದ ಮೇಲೆ ಅವರ ಮನಸ್ಸು ನಿಲ್ಲಲಿಲ್ಲ. ಯಾವುದೋ ಒಂದು ಬಿಟ್ಟುಹೋಯಿತೇನೋ, ಸರಿಯಾಗಿ ಹೇಳಲಿಲ್ಲವೇನೋ ಎಂಬ ಸಂಶಯ. ಮತ್ತೆ ಮತ್ತೆ ಪಾಪನಿವೇದನೆಗೆ ಹೋದರು. ಸಂಶಯ ಇನ್ನೂ ಹೆಚ್ಚಾಯಿತು. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತೆಂದು ಅವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಭಾನುವಾರದಿಂದ ಭಾನುವಾರದವರೆಗೆ ಊಟ ಬಿಟ್ಟರು. ಗುರುಗಳು ಆ ಉಪವಾಸವನ್ನು ನಿಲ್ಲಿಸಿದರು.

ಇದರಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಹಳೆಯ ಪಾಪಗಳಲ್ಲಿ ತೀರಾ ಸ್ಪಷ್ಟವಾದದ್ದನ್ನು ಬಿಟ್ಟು ಬೇರೇನನ್ನೂ ಮತ್ತೆ ಹೇಳಬೇಡ ಎಂದು ಗುರುಗಳು ಆಜ್ಞೆ ಮಾಡಿದರು. ಅದರಿಂದ ಪ್ರಯೋಜನವಾಗಲಿಲ್ಲ. ಇಗ್ನೇಷಿಯಸರಿಗೆ ಎಲ್ಲವೂ ಸ್ಪಷ್ಟವೆಂದೇ ಕಾಣುತ್ತಿತ್ತು! ಕೊನೆಗೆ ಹಳೆಯದನ್ನು ಯಾವುದನ್ನೂ ಮತ್ತೆ ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಅವರಿಗೆ ಬಿಡುಗಡೆ ಸಿಕ್ಕಿತು. ಸಂಶಯಕ್ಕೆ ಉತ್ತರ ಸಿಕ್ಕದಿದ್ದರೂ ಅದರ ಹಿಂದೆ ಓಡುವುದನ್ನು ನಿಲ್ಲಿಸಿದ್ದರು.

ಈ ಕಾಟಕ್ಕೆ ಲತೀನಿನಲ್ಲಿ 'ಸ್ಕ್ರುಪುಲುಸ್' ಎನ್ನುತ್ತಾರೆ. ಮೂಲ ಅರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿದ ಕಲ್ಲು ನೋಡಲು ಚಿಕ್ಕದು, ಆದರೆ ಒಂದು ಹೆಜ್ಜೆಯನ್ನೂ ನೆಟ್ಟಗೆ ಇಡಲು ಬಿಡುವುದಿಲ್ಲ. ಪುಟ್ಟ ಪುಷ್ಪವೆಂದು ನಾವು ಕರೆಯುವ ಸಂತ ತೆರೇಸಾ ಕೂಡ ಹನ್ನೆರಡನೆಯ ವಯಸ್ಸಿನಲ್ಲಿ ಶುರುವಾದ ಇಂಥ ಕಾಟವನ್ನು ಸುಮಾರು ಒಂದೂವರೆ ವರ್ಷ ಅನುಭವಿಸಿದರು. ಈ ಸಂತರಿಗೆ ಇಂದಿನ ಕಾಯಿಲೆಯ ಹೆಸರನ್ನು ಅಂಟಿಸುವುದು ನಮ್ಮ ಉದ್ದೇಶವಲ್ಲ. ಹೀಗೆ ನರಳುವವರ ಭಕ್ತಿಯಲ್ಲಿ ಕೊರತೆಯಿದೆ ಎಂದು ಯಾರೂ ಹೇಳಬಾರದು, ಅಷ್ಟೇ.

ಗೀಳು ಎಂದರೇನು?

ವೈದ್ಯರು ಒಸಿಡಿ ಎಂದು ಕರೆಯುವ ಗೀಳು ಕಾಯಿಲೆಗೆ ಎರಡು ಭಾಗ. ಒಂದು, ಬೇಡವೆಂದರೂ ನುಗ್ಗಿ ಬರುವ ಯೋಚನೆ. ಎರಡು, ಅದರ ಭಯ ಕಳೆಯಲು ಮತ್ತೆ ಮತ್ತೆ ಮಾಡುವ ಕೆಲಸ. ಕೈ ತೊಳೆಯುವುದು, ಬೀಗ ನೋಡುವುದು ನಮಗೆ ಗೊತ್ತು. ದೇವರ ವಿಷಯದಲ್ಲೂ ಇದು ಬರುತ್ತದೆ. ಪೂಜೆಯ ನಡುವೆ ಕೆಟ್ಟ ಮಾತೊಂದು ಮನಸ್ಸಿಗೆ ಬರುತ್ತದೆ. ಗಾಬರಿಯಾಗಿ 'ನಮೋ ಮರಿಯಾ' ಮೊದಲಿನಿಂದ ಶುರು. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನಿಮಿಷ ನಿಮಿಷ ಲೆಕ್ಕ ಹಾಕುವುದು. "ಅಮ್ಮಾ, ಇದು ಪಾಪವಾ?" ಎಂದು ದಿನಕ್ಕೆ ಇಪ್ಪತ್ತು ಸಲ ಕೇಳುವುದು. ಕೊನೆಗೆ, ಯೋಗ್ಯತೆಯಿಲ್ಲವೆಂದು ಪರಮಪ್ರಸಾದವನ್ನೇ ಬಿಟ್ಟುಬಿಡುವುದು.

"ಪಾಪವಲ್ಲ ಮಗಾ" ಎಂದು ಅಮ್ಮ ಹೇಳಿದರೆ ಹತ್ತು ನಿಮಿಷ ನೆಮ್ಮದಿ. ಆಮೇಲೆ ಸಂಶಯ ಮತ್ತೆ ಬರುತ್ತದೆ. ಬಾಗಿಲಿಗೆ ಬಂದ ನಾಯಿಗೆ ದಿನಾ ರೊಟ್ಟಿ ಹಾಕಿದರೆ ಅದು ದಿನಾ ಬರುತ್ತದಲ್ಲ, ಹಾಗೆ. ಪ್ರತಿ ಸಲದ ಸಮಾಧಾನವೂ ಗೀಳಿಗೆ ಹಾಕಿದ ರೊಟ್ಟಿ.

ಮಿದುಳು ಬೇರೆ ಬಗೆಯಲ್ಲಿರುವವರು

ಆಟಿಸಂ, ಎಡಿಎಚ್‌ಡಿ ಇರುವವರನ್ನು ಈಗ ನ್ಯೂರೋಡೈವರ್ಜೆಂಟ್ ಎನ್ನುತ್ತಾರೆ. ಅವರ ಮಿದುಳು ಕೆಲಸ ಮಾಡುವ ರೀತಿಯೇ ಬೇರೆ. ಆಟಿಸಂ ಇರುವವರಲ್ಲಿ ಗೀಳು ಕಾಯಿಲೆ ಉಳಿದವರಿಗಿಂತ ಹೆಚ್ಚು ಕಾಣುತ್ತದೆ. ಇಲ್ಲಿ ಒಂದು ಗೊಂದಲ ಹುಟ್ಟುತ್ತದೆ.

ದೇವಾಲಯದಲ್ಲಿ ಪ್ರತಿ ವಾರ ಅದೇ ಬೆಂಚಿನಲ್ಲೇ ಕೂರಬೇಕೆನ್ನುವ ಹುಡುಗ, ಮೈಕು ಜೋರಾದರೆ ಕಿವಿ ಮುಚ್ಚುವ ಹುಡುಗಿ, ಕೂತಲ್ಲೇ ತೂಗುವ ಮಗು: ಇದು ಗೀಳೇ? ಸಾಮಾನ್ಯವಾಗಿ ಅಲ್ಲ. ಅದು ಅವರ ಮನಸ್ಸು ನೆಲೆ ನಿಲ್ಲುವ ದಾರಿ. ಬಿಡಿಸಿದರೆ ಕಾಯಿಲೆ ವಾಸಿಯಾಗುವುದಿಲ್ಲ, ಮಗು ಆಸರೆ ಕಳೆದುಕೊಳ್ಳುತ್ತದೆ. ಒಂದೇ ಕೆಲಸ ಎರಡು ಕಾರಣಕ್ಕೆ ನಡೆಯಬಹುದು. ಕೈಗೆ ಅಂಟು ತಾಗಿದ್ದು ಸಹಿಸಲಾಗದೆ ತೊಳೆಯುವುದು ಬೇರೆ. ತೊಳೆಯದಿದ್ದರೆ ಅಪ್ಪ ಸಾಯುತ್ತಾರೆ ಎಂಬ ಭಯಕ್ಕೆ ತೊಳೆಯುವುದು ಬೇರೆ. ಮಾಡಿದಾಗ ಹಿತವಾಗುತ್ತದೆಯೋ, ಮಾಡದಿದ್ದರೆ ಏನೋ ಆಗಿಬಿಡುತ್ತದೆಂಬ ಭಯವೋ ಎಂದು ಅವರನ್ನೇ ಕೇಳಬೇಕು. ಎರಡೂ ಬೆರೆತಿರಬಹುದು, ಆಗ ಬಲ್ಲವರ ಸಹಾಯ ಬೇಕು.

ಚಿಕಿತ್ಸೆ ಹೇಗೆ?

ಗೀಳಿಗೆ ಒಳ್ಳೆಯ ಚಿಕಿತ್ಸೆಯಿದೆ. ಭಯವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿ, ಅದನ್ನು ಕಳೆಯುವ ಕೆಲಸವನ್ನು ಮಾಡದೆ ಇರುವ ಅಭ್ಯಾಸ ಒಂದು. ಇದನ್ನು ಇಆರ್‌ಪಿ ಎನ್ನುತ್ತಾರೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇದಕ್ಕೆ ದಾರಿ ತೋರಿದರು. ಇನ್ನೊಂದು, ಫ್ಲುಯೋಕ್ಸೆಟಿನ್, ಸರ್ಟ್ರಲಿನ್‌ನಂಥ ಮಾತ್ರೆಗಳು. ಇವು ಕೆಲಸ ಮಾಡಲು ವಾರಗಟ್ಟಲೆ ಬೇಕು. ವೈದ್ಯರನ್ನು ಕೇಳದೆ ನಡುವೆ ಬಿಡಬಾರದು.

ನ್ಯೂರೋಡೈವರ್ಜೆಂಟ್ ಆದವರಿಗೆ ಇದೇ ಚಿಕಿತ್ಸೆಯನ್ನು ಅವರ ಅಳತೆಗೆ ಹೊಲಿಯಬೇಕು. ಬಾಯಿಮಾತಿನ ಬದಲು ಬರೆದು, ಚಿತ್ರ ಬಿಡಿಸಿ ಹೇಳುವುದು. ಭಯಕ್ಕೆ ಹತ್ತರಲ್ಲಿ ಅಂಕ ಕೊಡಲು ಆಗದವರಿಗೆ ಬಣ್ಣ ಕೊಡುವುದು. ಚಿಕ್ಕ ಹೆಜ್ಜೆ, ನಡುವೆ ಬಿಡುವು. ಯಾವುದನ್ನು ಮೊದಲು ಎದುರಿಸಬೇಕೆಂದು ಅವರೇ ಆರಿಸುವುದು. ತೂಗುವುದು, ಕಿವಿ ಮುಚ್ಚುವುದು ಇವನ್ನು ಮುಟ್ಟದಿರುವುದು. ಇಂಥ ಚಿಕಿತ್ಸೆ ವ್ಯಕ್ತಿಯನ್ನು ಇದ್ದ ಹಾಗೆ ಒಪ್ಪಿಕೊಳ್ಳುತ್ತದೆ, ಗೀಳನ್ನು ಮಾತ್ರ ಬಿಡಿಸುತ್ತದೆ.

"ಚಿಕಿತ್ಸೆಯ ಹೆಸರಿನಲ್ಲಿ ಮಗುವಿನಿಂದ ಪಾಪ ಮಾಡಿಸುತ್ತಾರಾ?" ಎಂದು ಕೆಲವು ಹಿರಿಯರು ಕೇಳುತ್ತಾರೆ. ಒಳ್ಳೆಯ ಚಿಕಿತ್ಸಕರು ಹಾಗೆ ಮಾಡುವುದಿಲ್ಲ. ಮನಸ್ಸು ಅಲೆದಾಡಿದರೂ ಪ್ರಾರ್ಥನೆಯನ್ನು ಒಂದೇ ಸಲ ಹೇಳಿ ಮುಗಿಸುವುದು, ಸಂಶಯ ಇದ್ದಂತೆಯೇ ಪರಮಪ್ರಸಾದಕ್ಕೆ ಬರುವುದು ಇಂಥವು ಅಭ್ಯಾಸಗಳು. ಉಳಿದ ವಿಶ್ವಾಸಿಗಳು ಪ್ರತಿ ಭಾನುವಾರ ಮಾಡುವುದೂ ಇದನ್ನೇ. ಚಿಕಿತ್ಸೆ ಪಡೆಯುವವರು ಒಪ್ಪಿದರೆ ಚಿಕಿತ್ಸಕರು ಗುರುಗಳೊಂದಿಗೆ ಮಾತನಾಡಬಹುದು.

ಧರ್ಮಸಭೆಯ ಬೋಧನೆ

ಮಾರಕ ಪಾಪಕ್ಕೆ ಮೂರೂ ಬೇಕೆಂದು ನಾವು ಕಲಿತಿದ್ದೇವೆ: ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವು ಇರಬೇಕು, ಮನಃಪೂರ್ವಕ ಒಪ್ಪಿಗೆ ಇರಬೇಕು. ಬೇಡವೆಂದು ನಡುಗುತ್ತಿರುವಾಗ ಬಂದ ಯೋಚನೆಗೆ ಒಪ್ಪಿಗೆ ಎಲ್ಲಿಯದು? ಮಾನಸಿಕ ಕಾರಣಗಳಿಂದ ಹೊಣೆ ಕಡಿಮೆಯಾಗಬಹುದು, ಇಲ್ಲವಾಗಲೂಬಹುದು ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1735ನೆಯ ಪರಿಚ್ಛೇದ ಹೇಳುತ್ತದೆ. ಕಾಯಿಲೆ ಇರುವವರಿಗೆ ಒಂದು ಗಂಟೆಯ ಉಪವಾಸದಲ್ಲೂ ವಿನಾಯಿತಿ ಇದೆ. ನೀರು, ಔಷಧಿ ಯಾರ ಉಪವಾಸವನ್ನೂ ಮುರಿಯುವುದಿಲ್ಲ.

ನಾವು ಮಾಡಬಹುದಾದದ್ದು

ಮನೆಯಲ್ಲಿ: "ಪಾಪವಾ?" ಎಂದು ಮತ್ತೆ ಕೇಳಿದಾಗ ಗದರಬೇಡಿ, ಉತ್ತರವನ್ನೂ ಕೊಡುತ್ತಾ ಹೋಗಬೇಡಿ. "ಇದು ಗೀಳು ಕೇಳುತ್ತಿರುವ ಪ್ರಶ್ನೆ ಅನ್ನಿಸುತ್ತೆ ಮಗಾ. ನಾನು ನಿನ್ನ ಜೊತೆ ಕೂತಿರ್ತೀನಿ" ಎನ್ನಿ. ಮಗುವಿಗೆ ಮೊದಲೇ ವಿವರಿಸಿ, ಒಪ್ಪಿಸಿ ಇದನ್ನು ನಿಧಾನವಾಗಿ ಶುರುಮಾಡಿ.

ಪಾಪನಿವೇದನೆಯಲ್ಲಿ: ಒಬ್ಬರೇ ಗುರುಗಳ ಬಳಿ ಹೋಗಿ, ಕಾಯಿಲೆಯ ವಿಷಯ ಹೇಳಿ, ಎಷ್ಟು ದಿನಕ್ಕೊಮ್ಮೆ ಬರಬೇಕೆಂದು ಅವರಿಂದಲೇ ಗೊತ್ತುಮಾಡಿಕೊಳ್ಳಿ.

ಧರ್ಮೋಪದೇಶ ತರಗತಿಯಲ್ಲಿ: ನರಕದ ಭಯ ಹುಟ್ಟಿಸುವ ಕಥೆಗಳನ್ನು ಶಿಕ್ಷಕರು ಅಳೆದು ಹೇಳಲಿ. ಮಾತನ್ನು ಅಕ್ಷರಶಃ ಹಿಡಿಯುವ ಮಗುವಿಗೆ ಅವು ಕಲ್ಲಾಗುತ್ತವೆ.

ಭಾಷೆಯಲ್ಲಿ: ನಮ್ಮ ಮಕ್ಕಳು ತಮಿಳಿನಲ್ಲಿ ಓದುತ್ತಾರೆ, ಕನ್ನಡದಲ್ಲಿ ಪ್ರಾರ್ಥಿಸುತ್ತಾರೆ. ಪಾಪಭಯ ಪ್ರಾರ್ಥನೆಯ ಭಾಷೆಯಲ್ಲೇ ಕಾಡಬಹುದು. ಕೊಯಮತ್ತೂರಿಗೆ ಹೋದರೂ ಮೈಸೂರಿಗೆ ಹೋದರೂ ಆ ಮಾತುಗಳನ್ನು ಕನ್ನಡದಲ್ಲೇ ಬರೆದುಕೊಂಡು ಹೋಗಿ, ಅಗತ್ಯವಿದ್ದರೆ ಅರ್ಥ ಹೇಳಲು ಒಬ್ಬರನ್ನು ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಚಿಕಿತ್ಸಾ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಭಾಷೆ ಆರಿಸಿಕೊಳ್ಳಬಹುದು. ಬದುಕೇ ಬೇಡವೆಂದು ಯಾರಾದರೂ ಹೇಳಿದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಚರ್ಚೆಗೆ

1. ಬಂದ ಯೋಚನೆಗೂ ಒಪ್ಪಿದ ಯೋಚನೆಗೂ ಏನು ವ್ಯತ್ಯಾಸ?
2. ನಮ್ಮ ದೇವಾಲಯದಲ್ಲಿ ಮೈಕಿನ ಸದ್ದು, ಜಾಗ, ಸಮಯ ಇವುಗಳಲ್ಲಿ ಯಾವುದನ್ನು ಬದಲಿಸಿದರೆ ಇಂಥ ಮಗುವಿಗೆ ಪೂಜೆಗೆ ಬರುವುದು ಸುಲಭವಾಗುತ್ತದೆ?
3. ಗುರುಗಳ ಆಜ್ಞೆಯಿಂದಲೂ ಇಗ್ನೇಷಿಯಸರಿಗೆ ಮೊದಲು ಯಾಕೆ ನೆಮ್ಮದಿ ಸಿಗಲಿಲ್ಲ?

ಪ್ರಾರ್ಥನೆ

ದಯಾಮಯ ತಂದೆಯೇ, ನಿಮ್ಮ ಕ್ಷಮೆಯನ್ನು ನಂಬಲಾರದೆ ದಣಿದಿರುವ ನಮ್ಮ ಸಹೋದರ ಸಹೋದರಿಯರ ಬಳಿಯಿರಿ. ಸಂಶಯ ತೀರುವ ಮುಂಚೆಯೇ ನಿಮ್ಮ ಮೇಜಿಗೆ ಬರುವ ಧೈರ್ಯವನ್ನು ಅವರಿಗೆ ಕೊಡಿ. ಅವರಿಗೆ ಜಾಗ ಬಿಟ್ಟುಕೊಡುವ ಮನಸ್ಸನ್ನು ನಮಗೆ ಕೊಡಿ. ಆಮೆನ್.