ಕಾಲು ಕಳೆದುಕೊಂಡ ನಾಯಿಯ ಆರೈಕೆ

ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಮಕ್ಕಳ ಲಸಿಕೆ ಮೊದಲಾದ ವಿಷಯಗಳನ್ನು ಕುರಿತು ವೈದ್ಯ ಬಂಧುಗಳು ಬರೆಯುತ್ತ ಬಂದಿದ್ದಾರೆ. ಅವುಗಳ ನಡುವೆ ನಾಯಿಯ ಆರೈಕೆಯನ್ನು ಕುರಿತ ಲೇಖನ, ಅದೂ ವೈದ್ಯನಲ್ಲದ ಬ್ಯಾಂಕ್ ಅಧಿಕಾರಿಯೊಬ್ಬನಿಂದ ಬಂದದ್ದು, ಓದುಗರಿಗೆ ವಿಚಿತ್ರವೆನಿಸಬಹುದು. ನಾನು ಓದಿದ್ದು ವಾಣಿಜ್ಯಶಾಸ್ತ್ರ. ದಿನವಿಡೀ ನೋಡುವುದು ಅಂಕಿ ಸಂಖ್ಯೆಗಳನ್ನು. ಆದರೆ 2022ರ ಮಳೆಗಾಲದಲ್ಲಿ ನಮ್ಮ ಮನೆಯ ನಾಯಿಯ ಮುಂಗಾಲೊಂದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗಿ ಬಂದಾಗ, ಈ ವಿಷಯವನ್ನು ಕನ್ನಡದಲ್ಲಿ ತಿಳಿಯಹೇಳುವ ನಾಲ್ಕು ಪುಟಗಳಿಗಾಗಿ ಹುಡುಕಿ ಕಾಣದೆ ಪೇಚಾಡಿದೆ. ಮುಂಬಯಿಯ ಫ್ಲಾಟುಗಳಲ್ಲಿ ನಾಯಿಯನ್ನು ಸಾಕಿರುವ ಕನ್ನಡಿಗರು ಅನೇಕರಿದ್ದಾರೆ. ಪಶುವೈದ್ಯರು ನಮಗೆ ಹೇಳಿದ್ದನ್ನೂ ನಾವು ತಪ್ಪುಮಾಡಿ ಕಲಿತದ್ದನ್ನೂ ಅವರಿಗಾಗಿ ಇಲ್ಲಿ ಕ್ರಮವಾಗಿ ಬರೆದಿಟ್ಟಿದ್ದೇನೆ.

ಕರಿಯ ಜಾತಿನಾಯಿಯಲ್ಲ. ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಹುಟ್ಟಿ, ನನ್ನ ಮಗಳ ಹಟದಿಂದ ಮೂರನೆಯ ಮಹಡಿಗೆ ಏರಿ ಬಂದ ಬೀದಿನಾಯಿ. ಜೂನ್ ತಿಂಗಳ ಕೊನೆಯ ವಾರ ಮಳೆಯ ರಾತ್ರಿಯಲ್ಲಿ ರಿಕ್ಷಾ ಒಂದು ಅವನಿಗೆ ಡಿಕ್ಕಿ ಹೊಡೆಯಿತು. ಮೂಳೆ ಮುರಿದಿರಲಿಲ್ಲ, ಆದರೆ ಎಡ ಮುಂಗಾಲು ಹಗ್ಗದಂತೆ ಜೋತುಬಿದ್ದಿತ್ತು. ಬೆನ್ನುಹುರಿಯಿಂದ ಹೊರಟು ಕಂಕುಳಿನ ಮೂಲಕ ಮುಂಗಾಲಿಗೆ ಹೋಗುವ ನರಗಳ ಗೊಂಚಲು ಬುಡದಲ್ಲಿಯೇ ಕಿತ್ತುಹೋಗಿದೆಯೆಂದು ವೈದ್ಯರು ತಿಳಿಸಿದರು. ಬೆರಳನ್ನು ಚಿಮುಟದಿಂದ ಬಲವಾಗಿ ಒತ್ತಿದರೂ ಕರಿಯ ತಿರುಗಿ ನೋಡಲಿಲ್ಲ. ನರ ಚೇತರಿಸಿಕೊಂಡೀತೆಂಬ ಆಸೆಯಿಂದ ಆರು ವಾರ ಕಾದೆವು. ಅಷ್ಟರಲ್ಲಿ ಎಳೆದಾಡಿದ ಪಾದದ ಮೇಲ್ಭಾಗ ನೆಲಕ್ಕೆ ಉಜ್ಜಿ ಹುಣ್ಣಾಯಿತು. ಸ್ಪರ್ಶಜ್ಞಾನವಿಲ್ಲದ ಬೆರಳುಗಳನ್ನು ಅವನೇ ಕಚ್ಚತೊಡಗಿದ. ಕಾಲನ್ನು ತೆಗೆಯುವುದೊಂದೇ ದಾರಿ ಉಳಿಯಿತು.

ಕುಂದಾಪುರದಿಂದ ಬಂದು ನಮ್ಮೊಡನೆ ಇದ್ದ ನನ್ನ ತಾಯಿ ಇದನ್ನು ಕೇಳಿ, "ಬಾಯಿ ಬಾರದ ಜೀವ ಮಗಾ. ಮೂರು ಕಾಲಿನಲ್ಲಿ ಬದುಕುವುದೆಂದರೆ ಏನು? ಅದಕ್ಕೊಂದು ಮುಕ್ತಿ ಕೊಡಿಸುವುದೇ ಪುಣ್ಯವಲ್ಲವೇ?" ಎಂದರು. ನಾನೂ ಒಳಗೊಳಗೆ ಅದನ್ನೇ ಯೋಚಿಸುತ್ತಿದ್ದುದರಿಂದ ಉತ್ತರ ಕೊಡಲಾಗಲಿಲ್ಲ. ಉತ್ತರ ಕೊಟ್ಟವರು ವೈದ್ಯರು. ಕಾಲು ಹೋಯಿತೆಂಬ ದುಃಖ, ನಾಳೆಯ ಚಿಂತೆ, ನೋಡುವವರ ನಾಚಿಕೆ, ಇವೆಲ್ಲ ಮನುಷ್ಯನವು. ನಾಯಿಯ ಕಷ್ಟಗಳು ನೋವು, ಜಾರುವ ನೆಲ ಮತ್ತು ಹೆಚ್ಚುವ ತೂಕ, ಈ ಮೂರೇ. ಇವನ್ನು ನೋಡಿಕೊಂಡರೆ ಉಳಿದುದನ್ನು ಅದೇ ನೋಡಿಕೊಳ್ಳುತ್ತದೆ ಎಂದು ಅವರು ಹೇಳಿದರು. ಈ ಲೇಖನದ ತಿರುಳೂ ಇಷ್ಟೇ.

ಕಾಲನ್ನು ತೆಗೆಯುವುದು ಏಕೆ?

ಅಪಘಾತದಲ್ಲಿ ಮೂಳೆ ಜೋಡಿಸಲಾಗದಷ್ಟು ನುಚ್ಚಾಗುವುದು, ನರ ಕಿತ್ತುಹೋಗುವುದು, ಕೊಳೆತ ಗಾಯ ವಾಸಿಯಾಗದಿರುವುದು, ಮೂಳೆಯ ಕ್ಯಾನ್ಸರ್, ಇವು ಮುಖ್ಯ ಕಾರಣಗಳು. ಮೂಳೆಯ ಕ್ಯಾನ್ಸರ್ ದೊಡ್ಡ ಗಾತ್ರದ ತಳಿಗಳಲ್ಲಿ ಹೆಚ್ಚು. ಅದರಲ್ಲಿ ಕಾಲನ್ನು ತೆಗೆಯುವುದು ಬಹುಮಟ್ಟಿಗೆ ನೋವನ್ನು ಕಳೆಯುವುದಕ್ಕಾಗಿಯೇ ಹೊರತು ರೋಗವನ್ನು ಬುಡಸಹಿತ ಕೀಳುವುದಕ್ಕಲ್ಲ. ಏಕೆಂದರೆ ಗಡ್ಡೆ ಕಾಣಿಸುವ ಹೊತ್ತಿಗೆ ರೋಗದ ಕಣಗಳು ಸಾಮಾನ್ಯವಾಗಿ ಶ್ವಾಸಕೋಶವನ್ನು ಸೇರಿರುತ್ತವೆ. ಶಸ್ತ್ರಚಿಕಿತ್ಸೆ ಮಾತ್ರವಾದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು, ಅದರೊಡನೆ ಕೀಮೋಥೆರಪಿಯೂ ಆದರೆ ಸುಮಾರು ಹತ್ತು ಹನ್ನೆರಡು ತಿಂಗಳು ಆಯುಷ್ಯ ದೊರೆಯುತ್ತದೆ. ಇದನ್ನು ಮೊದಲೇ ತಿಳಿದು ನಿರ್ಧರಿಸುವುದು ಒಳ್ಳೆಯದು. ಉಳಿದ ಮೂರು ಕಾಲುಗಳಲ್ಲಿ ಸಂಧಿವಾತವೋ ಸೊಂಟದ ದೋಷವೋ ಇದೆಯೇ ಎಂಬುದನ್ನೂ ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು. ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಅರ್ಧ ಕಾಲನ್ನಾದರೂ ಉಳಿಸಬಾರದೇ ಎಂದು ನಾನು ಕೇಳಿದ್ದೆ. ಮೋಟುಕಾಲು ಉಳಿದರೆ ನಾಯಿ ಅದನ್ನು ಊರಲು ಹೋಗಿ ಪದೇ ಪದೇ ಗಾಯ ಮಾಡಿಕೊಳ್ಳುತ್ತದೆ. ಆದುದರಿಂದ ಮುಂಗಾಲನ್ನು ಸಾಮಾನ್ಯವಾಗಿ ಹೆಗಲ ಮೂಳೆಯೊಂದಿಗೆ, ಹಿಂಗಾಲನ್ನು ಸೊಂಟದ ಕೀಲಿನಲ್ಲಿ ಅಥವಾ ತೊಡೆಯ ಮಧ್ಯದಲ್ಲಿ ತೆಗೆಯುತ್ತಾರೆ. ಇಷ್ಟು ಮೇಲೆ ತೆಗೆದ ಮೇಲೆ ಕೃತಕ ಕಾಲನ್ನು ಜೋಡಿಸುವುದು ಕಷ್ಟ. ಹೆಚ್ಚಿನ ನಾಯಿಗಳಿಗೆ ಅದರ ಅಗತ್ಯವೂ ಬೀಳುವುದಿಲ್ಲ.

ನಿಂತ ನಾಯಿಯ ದೇಹಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೂ 40 ಪಾಲು ಹಿಂಗಾಲುಗಳ ಮೇಲೂ ಬೀಳುತ್ತದೆ. ಆದುದರಿಂದಲೇ ಹಿಂಗಾಲು ಹೋದ ನಾಯಿಗಿಂತ ಮುಂಗಾಲು ಹೋದ ನಾಯಿಗೆ ಹೊಂದಿಕೊಳ್ಳುವುದು ತುಸು ಕಷ್ಟ.

ಮನೆಯ ಸಿದ್ಧತೆ

ನಾಯಿ ಆಸ್ಪತ್ರೆಯಿಂದ ಬರುವ ಮೊದಲೇ ಮನೆ ಸಿದ್ಧವಾಗಿರತಕ್ಕದ್ದು. ನಮ್ಮ ಫ್ಲಾಟುಗಳ ನುಣುಪಾದ ಟೈಲ್ಸ್ ನೆಲ ಮೂರು ಕಾಲಿನ ನಾಯಿಗೆ ಪಾಚಿಗಟ್ಟಿದ ಬಾವಿಕಟ್ಟೆಯಿದ್ದಂತೆ. ಮೊದಲ ದಿನಗಳಲ್ಲಿ ಒಮ್ಮೆ ಜಾರಿ ಬಿದ್ದರೆ ಹೊಲಿಗೆ ಬಿಡುವ ಅಪಾಯವಿದೆ; ಅದಕ್ಕಿಂತಲೂ ಹೆಚ್ಚಾಗಿ, ನಾಯಿಗೆ ಏಳುವ ಧೈರ್ಯವೇ ಹೋಗುತ್ತದೆ. ಮಲಗುವ ಜಾಗದಿಂದ ನೀರಿನ ಪಾತ್ರೆಗೆ, ಅಲ್ಲಿಂದ ಬಾಗಿಲಿಗೆ, ಅಡಿಯಲ್ಲಿ ರಬ್ಬರ್ ಇರುವ ಚಾಪೆಗಳನ್ನು ದಾರಿಯಂತೆ ಹಾಸಬೇಕು. ಜಾರುವ ಹತ್ತಿಯ ಜಮಖಾನ ಪ್ರಯೋಜನವಿಲ್ಲ. ಉಳಿದ ಪಾದಗಳ ಉಗುರುಗಳನ್ನೂ ಬೆರಳ ಸಂದಿನ ಕೂದಲನ್ನೂ ಕತ್ತರಿಸಿದರೆ ಹಿಡಿತ ಹೆಚ್ಚುತ್ತದೆ. ಮುಂಗಾಲು ಹೋದ ನಾಯಿಗೆ ತಲೆ ತಗ್ಗಿಸಿ ತಿನ್ನುವುದು ಕಷ್ಟವಾದುದರಿಂದ ಊಟದ ಪಾತ್ರೆಯನ್ನು ಅದರ ಎದೆಯ ಮಟ್ಟಕ್ಕೆ ಮಣೆಯ ಮೇಲಿಡಬೇಕು. ಮಂಚ, ಸೋಫಾಗಳನ್ನು ಏರದಂತೆ ಅಡ್ಡ ಕಟ್ಟಬೇಕು.

ಮನೆಯವರ ಮನಸ್ಸೂ ಸಿದ್ಧವಾಗಿರಬೇಕು. ಬೋಳಿಸಿದ ಮೈ, ಉದ್ದನೆಯ ಹೊಲಿಗೆ, ಅದರ ಸುತ್ತ ನೀಲಿಗಟ್ಟಿದ ಚರ್ಮ ಮತ್ತು ಬಾವು, ಇವು ಮೊದಲ ದಿನಗಳಲ್ಲಿ ಸಹಜ. ಇದನ್ನು ನಾನು ಮಗಳಿಗೆ ಮೊದಲೇ ಹೇಳಿರಲಿಲ್ಲ. ಬಾಗಿಲಲ್ಲಿ ಕರಿಯನನ್ನು ಕಂಡೊಡನೆ ಅವಳು ಅಳುತ್ತ ಒಳಗೆ ಓಡಿದಳು. ಅವನು ಮೂರೇ ಕಾಲಿನಲ್ಲಿ ಅವಳ ಹಿಂದೆ ಓಡಲು ಹೋಗಿ ಬಿದ್ದ. ಮಕ್ಕಳಿಗೆ ಮೊದಲೇ ವಿವರಿಸಿ ಹೇಳಿರಿ.

ಮೊದಲ ದಿನಗಳು

ಹೆಚ್ಚಿನ ನಾಯಿಗಳು ಶಸ್ತ್ರಚಿಕಿತ್ಸೆಯಾದ ಒಂದು ದಿನದೊಳಗೆ ಎದ್ದು ನಿಲ್ಲಲು ಯತ್ನಿಸುತ್ತವೆ. ಮುಂಗಾಲು ಹೋಗಿದ್ದರೆ ಎದೆಯ ಕೆಳಗೆ, ಹಿಂಗಾಲು ಹೋಗಿದ್ದರೆ ಹೊಟ್ಟೆಯ ಕೆಳಗೆ ಅಗಲವಾದ ಟವೆಲ್ಲನ್ನು ತೊಟ್ಟಿಲಂತೆ ಹಾಯಿಸಿ, ಹೊಲಿಗೆಗೆ ತಾಗದಂತೆ ಆಸರೆ ಕೊಡಬೇಕು. ಎತ್ತಿ ನಡೆಸಬಾರದು, ಬೀಳದಂತೆ ತಡೆದರೆ ಸಾಕು.

ಅರಿವಳಿಕೆ ಮತ್ತು ಪ್ರಬಲವಾದ ನೋವುಶಾಮಕಗಳ ಪರಿಣಾಮದಿಂದ ಮೊದಲ ರಾತ್ರಿ ನಾಯಿ ದಿಕ್ಕು ತೋಚದಂತೆ ಊಳಿಡಬಹುದು. ಮಲವಿಸರ್ಜನೆ ಮೂರು ನಾಲ್ಕು ದಿನ ಆಗದಿದ್ದರೆ ಗಾಬರಿ ಬೇಡ; ಆದರೆ ಒಂದು ದಿನ ಕಳೆದರೂ ಮೂತ್ರವಾಗದಿದ್ದರೆ ವೈದ್ಯರಿಗೆ ತಿಳಿಸಬೇಕು. ಹಸಿವು ಕಡಿಮೆಯಿದ್ದರೆ ಮೆತ್ತಗಿನ ಅನ್ನವನ್ನು ಬೇಯಿಸಿದ ಕೋಳಿಮಾಂಸದೊಡನೆ ಉಗುರುಬೆಚ್ಚಗೆ ಕೈತುತ್ತಾಗಿ ಕೊಡಬಹುದು. ಈರುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುವುದರಿಂದ ಅದನ್ನೂ ಮಸಾಲೆಯನ್ನೂ ಸೇರಿಸಕೂಡದು.

ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ಬಿಚ್ಚುತ್ತಾರೆ. ಅಲ್ಲಿಯವರೆಗೆ ಸ್ನಾನವಿಲ್ಲ. ನೆಕ್ಕಿದರೆ ಗಾಯ ವಾಸಿಯಾಗುತ್ತದೆಂಬ ನಂಬಿಕೆ ತಪ್ಪು. ಕುತ್ತಿಗೆಗೆ ಕಟ್ಟುವ ಶಂಕುವಿನಾಕಾರದ ಪಟ್ಟಿಯನ್ನು ಕನಿಕರದಿಂದ ತೆಗೆಯಬಾರದು. ಗಾಯದ ಕೆಳಭಾಗದಲ್ಲಿ ನೀರು ತುಂಬಿದ ಮೆತ್ತನೆಯ ಊತ ಕಂಡರೆ ಒತ್ತಬಾರದು, ವೈದ್ಯರಿಗೆ ತೋರಿಸಬೇಕು. ಕೀವು, ದುರ್ವಾಸನೆ, ಬಿಟ್ಟ ಹೊಲಿಗೆ, ಬಿಳಿಚಿದ ವಸಡು, 103 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಇವುಗಳಲ್ಲಿ ಯಾವುದು ಕಂಡರೂ ತಡಮಾಡಕೂಡದು. ನಾಯಿಯ ಸಹಜ ದೇಹೋಷ್ಣ ಸುಮಾರು 101ರಿಂದ 102.5 ಡಿಗ್ರಿ ಎಂಬುದು ನೆನಪಿರಲಿ.

ನೋವು ಮತ್ತು ಔಷಧ

ನಾಯಿ ನೋವನ್ನು ಮರೆಮಾಚುವ ಪ್ರಾಣಿ. ಕಾರಣವಿಲ್ಲದೆ ಏದುಸಿರು, ನಡುಕ, ಮಲಗಿದಲ್ಲಿ ನೆಲೆಗೊಳ್ಳದಿರುವುದು, ಊಟ ಬಿಡುವುದು, ಮುಟ್ಟಹೋದರೆ ಗುರುಗುಟ್ಟುವುದು, ಇವು ನೋವಿನ ಗುರುತುಗಳು. ಇಲ್ಲದ ಕಾಲಿನ ಜಾಗವನ್ನು ತಿರುಗಿ ನೋಡಿ ಥಟ್ಟನೆ ಕೂಗುವುದೂ ಉಂಟು. ಕತ್ತರಿಸಿದ ನರಗಳಿಂದ ಬರುವ ಈ ನೋವಿಗೆ ಬೇರೆಯೇ ಔಷಧವಿದೆ.

ಮೂರನೆಯ ರಾತ್ರಿ ನಾಲ್ಕು ಗಂಟೆಗೆ ಕರಿಯ ನರಳತೊಡಗಿದಾಗ ನಾನು ಬೀರುವಿನಿಂದ ನಮ್ಮ ತಲೆನೋವಿನ ಮಾತ್ರೆಯನ್ನು ತೆಗೆದಿದ್ದೆ. ಹೆಂಡತಿ ಕೈಹಿಡಿದು ತಡೆದಳು. ಅವಳು ತಡೆದದ್ದು ಎಷ್ಟು ಸರಿಯೆಂಬುದು ಬೆಳಿಗ್ಗೆ ವೈದ್ಯರ ಬಾಯಿಂದ ತಿಳಿಯಿತು. ಮನುಷ್ಯರು ನುಂಗುವ ಐಬುಪ್ರೊಫೇನ್, ಡೈಕ್ಲೊಫಿನಾಕ್ ಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣುಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಪ್ಯಾರಸಿಟಮಾಲ್ ಯಕೃತ್ತಿಗೆ ಅಪಾಯಕಾರಿ. ವೈದ್ಯರು ಬರೆದುಕೊಡದ ಒಂದು ಚೂರನ್ನೂ ಕೊಡಕೂಡದು.

ಆ ದಿನದಿಂದ ಮಗಳು ಒಂದು ನೋಟ್‌ಪುಸ್ತಕ ಇಟ್ಟಳು. ಔಷಧದ ಗಂಟೆ, ಊಟ, ಮಲಮೂತ್ರ, ನರಳಿದ ಹೊತ್ತು, ಎಲ್ಲವನ್ನೂ ಅದರಲ್ಲಿ ಬರೆಯತೊಡಗಿದಳು. ಎರಡು ದಿನಗಳಲ್ಲಿಯೇ ನಮ್ಮ ತಪ್ಪು ಹೊರಬಿತ್ತು. ಎಂಟು ಗಂಟೆಗೊಮ್ಮೆ ಕೊಡಬೇಕಾದ ಮಾತ್ರೆಯನ್ನು ನಾವು ನಮ್ಮ ಅನುಕೂಲಕ್ಕೆ ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8ಕ್ಕೆ ಕೊಡುತ್ತಿದ್ದೆವು. ರಾತ್ರಿಯ ಹನ್ನೆರಡು ಗಂಟೆಗಳ ಅಂತರದಲ್ಲಿ ಔಷಧದ ಬಲ ತೀರಿ, ಬೆಳಗಿನ ಜಾವ ನಾಲ್ಕಕ್ಕೆ ಅವನು ನರಳುತ್ತಿದ್ದ. 6, 2, 10 ಎಂದು ಹೊತ್ತು ತಿದ್ದಿಕೊಂಡ ರಾತ್ರಿಯಿಂದ ಮನೆಮಂದಿಯೆಲ್ಲ ನಿದ್ದೆ ಮಾಡಿದೆವು. ದಿನವೂ ಲೆಕ್ಕ ತಾಳೆ ನೋಡುವ ಉದ್ಯೋಗದಲ್ಲಿರುವ ನನಗೆ ಈ ಪುಸ್ತಕದ ಯೋಚನೆ ಮೊದಲೇ ಹೊಳೆಯಬೇಕಿತ್ತು.

ನಡಿಗೆ

ಹೊಲಿಗೆ ಬಿಚ್ಚುವವರೆಗೆ ಮಲಮೂತ್ರಕ್ಕೆ ಮಾತ್ರ ಹೊರಗೆ, ಅದೂ ಹಗ್ಗ ಹಿಡಿದೇ. ಕೊರಳಪಟ್ಟಿಗಿಂತ ಎದೆಗೆ ಸುತ್ತುವ ಪಟ್ಟಿ ಉತ್ತಮ. ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ, ಐದೈದು ನಿಮಿಷದ ನಡಿಗೆ. ಮರುದಿನ ಆಯಾಸ ಕಾಣದಿದ್ದರೆ ಮೆಲ್ಲನೆ ಹೆಚ್ಚಿಸಬಹುದು. ಮೂರು ಕಾಲಿನ ನಾಯಿಗೆ ಕುಪ್ಪಳಿಸಿ ಸಾಗುವುದಕ್ಕಿಂತ ನಿಧಾನ ನಡೆಯುವುದು ಕಷ್ಟ. ಅದು ನಾಲ್ಕು ಹೆಜ್ಜೆ ಹಾರಿ, ಕುಳಿತು, ಮತ್ತೆ ಏಳುವುದನ್ನು ಕಂಡು ಮರುಗಬೇಕಾಗಿಲ್ಲ. ಹೆಚ್ಚಿನ ನಾಯಿಗಳು ಎರಡರಿಂದ ನಾಲ್ಕು ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮುದಿಯಾದ, ಭಾರವಾದ ನಾಯಿಗೆ ಹೆಚ್ಚು ಕಾಲ ಬೇಕು.

ಮುಂಗಾಲು ಹೋದ ನಾಯಿಗೆ ಮೆಟ್ಟಿಲಿಳಿಯುವುದು ಕಷ್ಟ. ಹಿಂಗಾಲು ಹೋದುದಕ್ಕೆ ಹತ್ತುವುದು ಕಷ್ಟ. ನಮ್ಮ ಸೊಸೈಟಿಯಲ್ಲಿ ನಾಯಿಯನ್ನು ಲಿಫ್ಟಿನಲ್ಲಿ ತರಬಾರದೆಂದು ಕೆಲವರು ತಗಾದೆ ತೆಗೆದರು. ಸಾಕುನಾಯಿಗೆ ಲಿಫ್ಟನ್ನು ನಿರಾಕರಿಸಬಾರದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದರ ಪ್ರತಿಯನ್ನು ಕೊಟ್ಟೆ; ಜೊತೆಗೆ, ಜನರಿಲ್ಲದ ಹೊತ್ತಿನಲ್ಲಿ ಬಳಸುತ್ತೇನೆಂದೂ ಹೇಳಿದೆ. ಎರಡನೆಯ ಮಾತೇ ಹೆಚ್ಚು ಕೆಲಸ ಮಾಡಿತು.

ತೂಕ

ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳಿಗೆ ವೈದ್ಯರು ಕರಿಯನನ್ನು ತೂಗಿದಾಗ ಮುಳ್ಳು 21 ಕಿಲೋ ತೋರಿಸಿತು. ಮೊದಲು ಅವನು 18 ಕಿಲೋ ಇದ್ದ. ಒಂದು ಕಾಲು ಹೋದ ಮೇಲೆ ಕಡಿಮೆಯಾಗಬೇಕಿತ್ತು. ಮನೆಯಲ್ಲಿ ವಿಚಾರಿಸಿದರೆ ಒಬ್ಬೊಬ್ಬರದೂ ಒಂದೊಂದು ಗುಟ್ಟು. ಅಮ್ಮ ಬೆಳಿಗ್ಗೆ ತುಪ್ಪ ಸವರಿದ ದೋಸೆ ಹಾಕುತ್ತಿದ್ದರು, ಮಗಳು ಬಿಸ್ಕತ್ತು, ನಾನು ರಾತ್ರಿ ತಟ್ಟೆಯ ಮೊಸರನ್ನ. ಎಲ್ಲರೂ ಹೇಳಿದ್ದು ಒಂದೇ ಮಾತು: "ಪಾಪ, ಕಾಲಿಲ್ಲವಲ್ಲ." ಅವನ ಒಂದೇ ಮುಂಗಾಲು ಎರಡರ ಭಾರ ಹೊರುತ್ತಿದೆ, ನೀವು ಹಾಕುವ ಪ್ರತಿ ತುತ್ತೂ ಆ ಕೀಲಿನ ಮೇಲೆ ಕೂರುತ್ತದೆ ಎಂದು ವೈದ್ಯರು ಗದರಿದರು. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣದಿದ್ದರೂ ಬೆರಳಾಡಿಸಿದರೆ ಸುಲಭವಾಗಿ ಕೈಗೆ ಸಿಗಬೇಕು ಎಂಬುದು ಸರಿಯಾದ ಮೈಕಟ್ಟಿನ ಅಳತೆ. ತೂಕವನ್ನು ತಿಂಗಳಿಗೊಮ್ಮೆ, ಉಳಿದ ಕೀಲುಗಳನ್ನು ಆರು ತಿಂಗಳಿಗೊಮ್ಮೆ ನೋಡಿಸಬೇಕು.

ಅಮ್ಮ ಅಂದು ಏನೂ ಹೇಳಲಿಲ್ಲ. ಮರುದಿನದಿಂದ ಕರಿಯನ ಊಟವನ್ನು ಅಳತೆಯ ಲೋಟದಲ್ಲಿ ಅವರೇ ಹಾಕತೊಡಗಿದರು. ಬಿಸ್ಕತ್ತಿನ ಡಬ್ಬಿ ಅವರ ಕೋಣೆ ಸೇರಿತು. ಐದು ತಿಂಗಳಲ್ಲಿ ಅವನು 17 ಕಿಲೋಗೆ ಇಳಿದ.

ಈಗ ಅವನು ಸಂಜೆ ಬಾಗಿಲ ಗಂಟೆ ಕೇಳಿದೊಡನೆ ಚಾಪೆಯ ದಾರಿಯಲ್ಲಿ ಮೂರೇ ನೆಗೆತಕ್ಕೆ ಬಂದು ನಿಲ್ಲುತ್ತಾನೆ. ಮನೆಗೆ ಬಂದವರು "ಅಯ್ಯೋ ಪಾಪ" ಎಂದರೆ ಅಮ್ಮನಿಗೆ ಹಿಡಿಸುವುದಿಲ್ಲ, "ಪಾಪ ಎಂತದ್ದು? ಅವನಿಗೆ ಏನೂ ಆಗಲಿಲ್ಲ" ಎನ್ನುತ್ತಾರೆ. ಕನಿಕರ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬಿಸ್ಕತ್ತಿನ ರೂಪದಲ್ಲಿ ಹರಿಯದೆ, ಹೊತ್ತಿಗೆ ಸರಿಯಾದ ಮಾತ್ರೆಯಾಗಿ, ಜಾರದ ಚಾಪೆಯಾಗಿ, ಅಳತೆಯ ಊಟವಾಗಿ ನಾಯಿಯನ್ನು ಮುಟ್ಟಲಿ ಎಂಬುದಷ್ಟೇ ನನ್ನ ಪ್ರಾರ್ಥನೆ. ಈ ಲೇಖನದ ಅಗತ್ಯ ಯಾವ ಓದುಗರಿಗೂ ಬಾರದಿರಲಿ. ಬಂದವರಿಗೆ ಈ ಸಂಚಿಕೆ ಕೈಗೆ ಸಿಗುವಂತಿರಲಿ.